ಸ್ಪಾರ್ಕ್ ಪ್ಲಗ್ಗಿನ ಬದಲಾವಣೆ: ಅಂಗಳದಲ್ಲೊಂದು ಭೌತಶಾಸ್ತ್ರದ ಪಾಠ

ಮೋಟಾರು ಸೈಕಲ್ಲೊಂದು ಮನೆಯ ಅಂಗಳದಲ್ಲಿ ನಿಂತಿರುವಾಗ ಒಂದೇ ಲಯದಲ್ಲಿ ಓಡುತ್ತದೆ. ಸಮತಟ್ಟಾದ ರಸ್ತೆಯಲ್ಲಿ ನಿಧಾನವಾಗಿ ಹೋಗುವಾಗಲೂ ಅದರ ಮೇಲೆ ದೂರು ಹೇಳುವಂತಿಲ್ಲ. ಆದರೆ ಘಟ್ಟದ ಏರಿನಲ್ಲಿ ಥ್ರಾಟಲ್ಲನ್ನು ಪೂರ್ತಿ ತಿರುಗಿಸಿದೊಡನೆಯೇ ಎಂಜಿನ್ನು ಮುಗ್ಗರಿಸಿ ಕೆಮ್ಮತೊಡಗುತ್ತದೆ. ಪೆಟ್ರೋಲು ಸಾಕಷ್ಟಿದೆ, ಬ್ಯಾಟರಿಯೂ ಚೆನ್ನಾಗಿದೆ. ಇಂತಹ ಸಂದರ್ಭದಲ್ಲಿ ನಮ್ಮ ಅನುಮಾನಕ್ಕೆ ಮೊದಲು ಗುರಿಯಾಗತಕ್ಕದ್ದು ಬೆರಳುದ್ದದ ಒಂದು ವಸ್ತು. ಅದೇ ಸ್ಪಾರ್ಕ್ ಪ್ಲಗ್ಗು.

ಹಳೆಯ ಪ್ಲಗ್ಗನ್ನು ತೆಗೆದು ಹೊಸದನ್ನು ಹಾಕುವುದು ಅರ್ಧ ಗಂಟೆಯ ಕೆಲಸ. ಅನೇಕ ತರುಣರು ಇದನ್ನು ಮನೆಯಲ್ಲಿಯೇ ಮಾಡುತ್ತಾರೆ, ಕೆಲವರು ಕೆಡಿಸುತ್ತಾರೆ. ಹಾಗೆ ಕೆಡಿಸಿದವರಲ್ಲಿ ನಾವೂ ಒಬ್ಬರೆಂಬುದನ್ನು ಮೊದಲೇ ಒಪ್ಪಿಕೊಳ್ಳುವುದು ಮೇಲು. ವಿದ್ಯಾರ್ಥಿದೆಸೆಯಲ್ಲಿ, ಆಗತಾನೆ ನಿಲ್ಲಿಸಿದ ಬಿಸಿ ಎಂಜಿನ್ನಿಗೆ ಹೊಸ ಪ್ಲಗ್ಗನ್ನಿಟ್ಟು, ಮೊದಲ ಸುತ್ತಿನಿಂದಲೇ ಸ್ಪ್ಯಾನರಿನಿಂದ ಬಿಗಿದೆವು. ಪ್ಲಗ್ಗು ಓರೆಯಾಗಿ ಹೊಕ್ಕು ಸಿಲಿಂಡರಿನ ಮುಚ್ಚಳದ ಥ್ರೆಡ್ಡನ್ನೇ ಕಿತ್ತುಹಾಕಿತು. ಅದನ್ನು ಸರಿಪಡಿಸಲು ತೆತ್ತ ಹಣ ಪ್ಲಗ್ಗಿನ ಬೆಲೆಯ ಎಷ್ಟೋ ಪಟ್ಟು. ಕೈಪಿಡಿಯಲ್ಲಿದ್ದ ಸೂಚನೆಗಳನ್ನು ನಾವು ಓದಿರಲಿಲ್ಲವೆಂದಲ್ಲ. ಅವುಗಳ ಕಾರಣವನ್ನು ಅರಿತಿರಲಿಲ್ಲ. ಕಾರಣವರಿಯದ ನಿಯಮವನ್ನು ಕೈ ಬೇಗನೆ ಮರೆಯುತ್ತದೆ. ಆದುದರಿಂದ ಈ ಲೇಖನದಲ್ಲಿ ಪ್ರತಿಯೊಂದು ನಿಯಮವನ್ನೂ ಅದರ ಕಾರಣದೊಡನೆ ಪರಿಶೀಲಿಸೋಣ.

ಕಿಡಿ ಹುಟ್ಟುವ ಬಗೆ

ಪ್ಲಗ್ಗಿನ ತುದಿಯಲ್ಲಿ ಎರಡು ವಿದ್ಯುದ್ದ್ವಾರಗಳಿವೆ. ನಡುವಿನದು ಪಿಂಗಾಣಿಯ ಅವಾಹಕದೊಳಗೆ ಹಾದುಬಂದಿದೆ; ಇನ್ನೊಂದು ಕೊಕ್ಕೆಯಂತೆ ಬಾಗಿ ಉಕ್ಕಿನ ಹೊರಕವಚಕ್ಕೆ ಅಂಟಿಕೊಂಡಿದೆ. ಇವೆರಡರ ನಡುವೆ ಒಂದು ಮಿಲಿಮೀಟರಿಗಿಂತಲೂ ಕಡಿಮೆಯಾದ ತೆರಪು ಇರುತ್ತದೆ. ಪೆಟ್ರೋಲು ಮತ್ತು ಗಾಳಿಯ ಮಿಶ್ರಣವನ್ನು ಹೊತ್ತಿಸುವ ಕಿಡಿ ಹಾರುವುದು ಈ ತೆರಪಿನಲ್ಲಿಯೇ.

ಬ್ಯಾಟರಿಯ ವಿಭವಾಂತರ ಕೇವಲ 12 ವೋಲ್ಟ್. ಸಾಮಾನ್ಯ ಒತ್ತಡದ ಗಾಳಿಯಲ್ಲಿ ಒಂದು ಮಿಲಿಮೀಟರಿನ ತೆರಪನ್ನು ಕಿಡಿ ದಾಟಬೇಕಾದರೆ 3 ಸಾವಿರ ವೋಲ್ಟಿಗೂ ಹೆಚ್ಚು ಬೇಕು. ಈ ಅಗಾಧ ವ್ಯತ್ಯಾಸವನ್ನು ತುಂಬಿಕೊಡುವುದು 1831ರಲ್ಲಿ ಫ್ಯಾರಡೆ ಕಂಡುಹಿಡಿದ ವಿದ್ಯುತ್ಕಾಂತ ಪ್ರೇರಣೆ. ಇಗ್ನಿಷನ್ ಕಾಯಿಲಿನ ಪ್ರಥಮ ಸುರುಳಿಯಲ್ಲಿ ಹರಿಯುತ್ತಿರುವ ಪ್ರವಾಹವನ್ನು ಥಟ್ಟನೆ ಕಡಿದರೆ, ಸಾವಿರಾರು ಸುತ್ತುಗಳುಳ್ಳ ದ್ವಿತೀಯ ಸುರುಳಿಯಲ್ಲಿ ಬಹು ಹೆಚ್ಚಿನ ವೋಲ್ಟೇಜು ಹುಟ್ಟುತ್ತದೆ. ಆಧುನಿಕ ವಾಹನಗಳಲ್ಲಿ ಪ್ರವಾಹವನ್ನು ಕಡಿಯುವ ಕೆಲಸವನ್ನು ಟ್ರಾನ್ಸಿಸ್ಟರು ಮಾಡುತ್ತದೆ.

ಇನ್ನು ಘಟ್ಟದ ಏರಿನ ಪ್ರಶ್ನೆ. ಅನಿಲದಲ್ಲಿ ಕಿಡಿ ಹಾರಲು ಬೇಕಾಗುವ ವೋಲ್ಟೇಜು, ಅನಿಲದ ಒತ್ತಡ ಮತ್ತು ತೆರಪಿನ ಉದ್ದ ಇವೆರಡರ ಗುಣಲಬ್ಧವನ್ನು ಅವಲಂಬಿಸಿದೆಯೆಂದು ಜರ್ಮನಿಯ ಫ್ರೀಡ್ರಿಷ್ ಪ್ಯಾಶೆನ್ 1889ರಲ್ಲಿ ತೋರಿಸಿದನು. ಸಿಲಿಂಡರಿನಲ್ಲಿ ಮಿಶ್ರಣ ಒತ್ತಿಹೋಗಿರುವುದರಿಂದ ಸುಮಾರು 10ರಿಂದ 20 ಸಾವಿರ ವೋಲ್ಟ್ ಬೇಕಾಗುತ್ತದೆ. ಥ್ರಾಟಲ್ಲನ್ನು ಹೆಚ್ಚು ತೆರೆದಷ್ಟೂ ಒಳಬರುವ ಮಿಶ್ರಣ ಹೆಚ್ಚು, ಒತ್ತಡವೂ ಹೆಚ್ಚು. ಸವೆದ ಪ್ಲಗ್ಗಿನಲ್ಲಿ ತೆರಪು ಮೊದಲೇ ಅಗಲವಾಗಿರುತ್ತದೆ. ಒತ್ತಡ, ತೆರಪು ಎರಡೂ ಒಟ್ಟಿಗೆ ಬೆಳೆದಾಗ ಕಾಯಿಲಿನ ಶಕ್ತಿ ಸಾಲದೆ ಕಿಡಿ ತಪ್ಪುತ್ತದೆ. ನಿಂತಾಗ ಸುಗಮವಾಗಿ ಓಡಿದ ಎಂಜಿನ್ನು ಏರಿನಲ್ಲಿ ಕೆಮ್ಮುವುದೇಕೆಂಬುದು ಈಗ ಸ್ಪಷ್ಟವಾಯಿತಷ್ಟೆ.

ಪ್ಲಗ್ಗು ಸವೆಯುವುದೇಕೆ?

ಫೋರ್ ಸ್ಟ್ರೋಕ್ ಎಂಜಿನ್ನಿನಲ್ಲಿ ಎರಡು ಸುತ್ತಿಗೆ ಒಂದು ದಹನ. ನಿಮಿಷಕ್ಕೆ 10,000 ಸುತ್ತುಗಳ ವೇಗದಲ್ಲಿ 5,000 ದಹನಗಳು, ಎಂದರೆ ಸೆಕೆಂಡಿಗೆ 83. ಸರಾಸರಿ ಗಂಟೆಗೆ 40 ಕಿಲೋಮೀಟರಿನಂತೆ 10,000 ಕಿಲೋಮೀಟರು ಓಡಲು 250 ಗಂಟೆ ಹಿಡಿಯುತ್ತದೆ. ಆ ಕಾಲದಲ್ಲಿ ಎಂಜಿನ್ನಿನ ಸರಾಸರಿ ವೇಗ ನಿಮಿಷಕ್ಕೆ 5,000 ಸುತ್ತೆಂದು ಇಟ್ಟುಕೊಂಡರೆ ಕಿಡಿಗಳ ಸಂಖ್ಯೆ 3 ಕೋಟಿ 75 ಲಕ್ಷ! ಪ್ರತಿಯೊಂದು ಕಿಡಿಯೂ ಲೋಹದ ಅತ್ಯಲ್ಪ ಅಂಶವನ್ನು ಹೊತ್ತೊಯ್ಯುತ್ತದೆ. ಚೂಪಾದ ಅಂಚುಗಳು ದುಂಡಗಾಗುತ್ತವೆ. ವಿದ್ಯುತ್ ಕ್ಷೇತ್ರ ಚೂಪಾದ ಎಡೆಯಲ್ಲಿ ಹೆಚ್ಚು ತೀವ್ರವಾಗಿರುವುದರಿಂದ, ಅಂಚು ಹೋದಂತೆಲ್ಲ ಕಿಡಿ ಹಾರುವುದು ಕಷ್ಟವಾಗುತ್ತದೆ. ನಿಕ್ಕಲ್ 1,455 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಕರಗಿದರೆ ಇರಿಡಿಯಂ ಕರಗಲು 2,400 ಡಿಗ್ರಿಗೂ ಹೆಚ್ಚಿನ ಶಾಖ ಬೇಕು. ಇರಿಡಿಯಂ ತುದಿಯ ಪ್ಲಗ್ಗುಗಳು ಹೆಚ್ಚು ಕಾಲ ಬಾಳುವುದಕ್ಕೆ ಇದು ಮುಖ್ಯ ಕಾರಣ.

ಸರಿಯಾದ ಪ್ಲಗ್ಗಿನ ಆಯ್ಕೆ

2008ರಲ್ಲಿ ಭಾರತದ ಮಾರುಕಟ್ಟೆಗೆ ಬಂದ ಯಮಹಾ ಆರ್15ನಂತಹ ಕ್ರೀಡಾ ಮೋಟಾರು ಸೈಕಲ್ಲಿನ ಸಿಲಿಂಡರಿನ ತಲೆಯಲ್ಲಿ ನಾಲ್ಕು ಕವಾಟಗಳಿವೆ. ಅವುಗಳ ನಡುವೆ ಉಳಿಯುವ ಸ್ಥಳ ಅತಿ ಕಿರಿದು. ಆದುದರಿಂದ ಇಂತಹ ಎಂಜಿನ್ನುಗಳಲ್ಲಿ ಸಣ್ಣ ವ್ಯಾಸದ ಪ್ಲಗ್ಗುಗಳೇ ಬಳಕೆಯಲ್ಲಿವೆ. ಉದಾಹರಣೆಗೆ ಎನ್‌ಜಿಕೆ ಪ್ಲಗ್ಗೊಂದರ ಮೇಲಿನ ‘ಸಿಆರ್8ಇ’ ಎಂಬ ಗುರುತನ್ನು ಬಿಡಿಸಿ ಓದೋಣ. ‘ಸಿ’ ಎಂದರೆ ಥ್ರೆಡ್ಡಿನ ವ್ಯಾಸ 10 ಮಿಲಿಮೀಟರು. ‘ಆರ್’ ಎಂದರೆ ಒಳಗೆ ರೋಧಕವಿದೆ. ಕಿಡಿಯಿಂದ ಹೊರಡುವ ರೇಡಿಯೋ ಅಲೆಗಳು ವಾಹನದ ಎಲೆಕ್ಟ್ರಾನಿಕ್ ಉಪಕರಣಗಳನ್ನು ಕೆಣಕದಂತೆ ಅದು ತಡೆಯುತ್ತದೆ. ‘ಇ’ ಎಂದರೆ ಥ್ರೆಡ್ಡಿನ ಉದ್ದ 19 ಮಿಲಿಮೀಟರು. ಇದಕ್ಕಿಂತ ಉದ್ದವಾದುದನ್ನು ಹಾಕಿದರೆ ಮೇಲೆ ಬರುವ ಪಿಸ್ಟನ್ನು ಅದಕ್ಕೆ ಬಡಿಯಬಹುದು.

‘8’ ಎಂಬ ಅಂಕಿ ಶಾಖದ ದರ್ಜೆ. ಪ್ಲಗ್ಗಿನ ತುದಿ ಸುಮಾರು 450 ಡಿಗ್ರಿಗಿಂತ ಬಿಸಿಯಾಗಿದ್ದರೆ ಅದರ ಮೇಲೆ ಕುಳಿತ ಮಸಿ ತಾನೇ ಸುಟ್ಟುಹೋಗುತ್ತದೆ. 800 ಡಿಗ್ರಿಯನ್ನು ಮೀರಿ ಕಾಯುತ್ತಹೋದರೆ, ಕಿಡಿ ಹಾರುವ ಮೊದಲೇ ಮಿಶ್ರಣವನ್ನು ಹೊತ್ತಿಸಿ ಪಿಸ್ಟನ್ನನ್ನು ಕರಗಿಸುವ ಅಪಾಯವಿದೆ. ಶಾಖವನ್ನು ಬೇಗ ಹೊರಸಾಗಿಸುವುದು ತಣ್ಣನೆಯ ಪ್ಲಗ್ಗು. ನಿಧಾನವಾಗಿ ಸಾಗಿಸುವುದು ಬಿಸಿ ಪ್ಲಗ್ಗು. ಇಲ್ಲೊಂದು ಎಚ್ಚರಿಕೆ ಅಗತ್ಯ. ಎನ್‌ಜಿಕೆ ಪದ್ಧತಿಯಲ್ಲಿ ಅಂಕಿ ಏರಿದಂತೆ ಪ್ಲಗ್ಗು ತಣ್ಣಗಿನದು. ಬಾಷ್ ಪದ್ಧತಿಯಲ್ಲಿ ಅಂಕಿ ಏರಿದಂತೆ ಬಿಸಿಯದು. ಒಂದರ ಅಂಕಿಯನ್ನು ಇನ್ನೊಂದಕ್ಕೆ ಹೋಲಿಸಿ ಕೊಂಡರೆ ಹಾನಿ ತಪ್ಪದು. ನಿಮ್ಮ ವಾಹನದ ಕೈಪಿಡಿಯಲ್ಲಿ ನಮೂದಿಸಿರುವ ಪ್ಲಗ್ಗನ್ನೇ ತರತಕ್ಕದ್ದು.

ಪ್ಲಗ್ಗಿಗೂ ಕನ್ನಡನಾಡಿಗೂ ಹಳೆಯ ನಂಟುಂಟು. 1951ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಮೈಕೋ ಕಾರ್ಖಾನೆ ತಯಾರಿಸಿದ ಪ್ಲಗ್ಗುಗಳು ದೇಶದ ವಾಹನಗಳಲ್ಲಿ ಬಹುಕಾಲ ಕಿಡಿ ಹಾರಿಸಿದವು.

ಕೆಲಸದ ಕ್ರಮ

ಮೊದಲನೆಯದು, ಎಂಜಿನ್ನು ಪೂರ್ತಿ ತಣ್ಣಗಾಗಲಿ. ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಸಿಲಿಂಡರಿನ ತಲೆ ಹೊರಗಿನ ಗಾಳಿಗಿಂತ 80 ಡಿಗ್ರಿ ಬಿಸಿಯಾಗಿದ್ದರೆ ಅದರಲ್ಲಿರುವ 10 ಮಿಲಿಮೀಟರಿನ ರಂಧ್ರ 0.018 ಮಿಲಿಮೀಟರಿನಷ್ಟು ಅಗಲವಾಗಿರುತ್ತದೆ. ಅದರಲ್ಲಿ ತಣ್ಣನೆಯ ಪ್ಲಗ್ಗನ್ನು ಬಿಗಿದರೆ ಬಿಗಿಯ ಅಳತೆ ತಪ್ಪಾಗುತ್ತದೆ. ತಣಿದ ಮೇಲೆ ಲೋಹ ಪ್ಲಗ್ಗನ್ನು ಹಿಡಿದುಕೊಂಡು ಬಿಡದೆಯೂ ಇರಬಹುದು. ಬಿಸಿಯಾದ ಅಲ್ಯೂಮಿನಿಯಂ ಮೆತ್ತಗೂ ಆಗಿರುತ್ತದೆ.

ಎರಡನೆಯದು, ಕೀಲಿಯನ್ನು ಹೊರತೆಗೆದಿಡಿ. ಸಾವಿರಾರು ವೋಲ್ಟಿನ ಆಘಾತ ಆಟದ ಮಾತಲ್ಲ. ಫೇರಿಂಗಿನ ಪಕ್ಕದ ತುಂಡುಗಳನ್ನು ಬಿಚ್ಚಿ, ತಿರುಪುಗಳನ್ನು ಒಂದು ಬಟ್ಟಲಿನಲ್ಲಿ ಕ್ರಮವಾಗಿಡಿ. ನಾಲ್ಕು ಸಿಲಿಂಡರಿನ ದೊಡ್ಡ ವಾಹನಗಳಲ್ಲಿ ಸಾಮಾನ್ಯವಾಗಿ ಪೆಟ್ರೋಲ್ ಟ್ಯಾಂಕನ್ನೂ ಗಾಳಿ ಶೋಧಿಸುವ ಪೆಟ್ಟಿಗೆಯನ್ನೂ ತೆಗೆಯಬೇಕಾಗುತ್ತದೆ. ಮೊದಲ ಪ್ರಯತ್ನಕ್ಕೆ ಒಂದೇ ಸಿಲಿಂಡರಿನ ವಾಹನ ಮೇಲು.

ಮೂರನೆಯದು, ಪ್ಲಗ್ಗಿನ ಕ್ಯಾಪನ್ನು ತಂತಿ ಹಿಡಿದೆಳೆಯದೆ, ಕ್ಯಾಪನ್ನೇ ಹಿಡಿದು ನೇರವಾಗಿ ಮೇಲೆತ್ತಿ. ಅನಂತರ ಪ್ಲಗ್ಗನ್ನು ಸಡಿಲಿಸುವ ಮೊದಲು ಅದರ ಸುತ್ತಲಿನ ಧೂಳನ್ನು ಸೈಕಲ್ ಪಂಪಿನಿಂದ ಊದಿ ತೆಗೆಯಿರಿ. ರಸ್ತೆಯ ಮರಳಿನ ಕಣ ಸಿಲಿಂಡರಿನ ಲೋಹವನ್ನು ಗೀರಬಲ್ಲಷ್ಟು ಗಡುಸು. ಅದು ಒಳಗೆ ಬಿದ್ದರೆ ಹೊಸ ಪ್ಲಗ್ಗಿನಿಂದ ಬಂದ ಲಾಭವೆಲ್ಲ ನಷ್ಟವಾಯಿತೆಂದೇ ತಿಳಿಯಿರಿ.

ನಾಲ್ಕನೆಯದು, ಹೊರಬಂದ ಪ್ಲಗ್ಗನ್ನು ಎಸೆಯುವ ಮೊದಲು ನೋಡಿ. ತುದಿ ತಿಳಿಗಂದು ಅಥವಾ ಬೂದು ಬಣ್ಣದ್ದಾಗಿದ್ದರೆ ದಹನ ಸರಿಯಾಗಿದೆ. ಒಣ ಕಪ್ಪು ಮಸಿಯಿದ್ದರೆ ಪೆಟ್ರೋಲಿನ ಅಂಶ ಹೆಚ್ಚಾಗಿರಬಹುದು. ಎಣ್ಣೆಯಿಂದ ಒದ್ದೆಯಾಗಿದ್ದರೆ ಎಂಜಿನ್ ಆಯಿಲ್ಲು ಒಳಗೆ ನುಸುಳುತ್ತಿದೆ. ಬಿಳುಪೇರಿ ಬೊಕ್ಕೆಗಳೆದ್ದಿದ್ದರೆ ಶಾಖ ಅತಿಯಾಗಿದೆ. ಒದ್ದೆಯ ಪ್ಲಗ್ಗು, ಬೊಕ್ಕೆಯೆದ್ದ ಪ್ಲಗ್ಗು ಇವೆರಡೂ ವಾಹನವನ್ನು ತಜ್ಞನ ಬಳಿಗೆ ಒಯ್ಯಬೇಕೆಂಬುದರ ಸೂಚನೆ. ಪ್ಲಗ್ಗು ಬದಲಾಯಿಸಿದ ಮಾತ್ರಕ್ಕೆ ಆ ರೋಗ ಹೋಗದು.

ಐದನೆಯದು, ಹೊಸ ಪ್ಲಗ್ಗಿನ ತೆರಪನ್ನು ಫೀಲರ್ ಗೇಜಿನಿಂದ ಅಳೆಯಿರಿ. ಕೈಪಿಡಿ 0.7ರಿಂದ 0.8 ಮಿಲಿಮೀಟರು ಎಂದಿದ್ದರೆ ಅಷ್ಟೇ ಇರಬೇಕು. ಹೆಚ್ಚುಕಡಮೆಯಾಗಿದ್ದರೆ ಹೊರಗಿನ ಕೊಕ್ಕೆಯನ್ನು ಮಾತ್ರ ಮೆಲ್ಲನೆ ಬಾಗಿಸಿ. ನಡುವಿನ ವಿದ್ಯುದ್ದ್ವಾರವನ್ನು ಮೀಟಿದರೆ ಪಿಂಗಾಣಿ ಬಿರಿಯುತ್ತದೆ. ಇರಿಡಿಯಂ ಪ್ಲಗ್ಗಿನ ಸೂಜಿಯಂತಹ ತುದಿ ಬೇಗ ಮುರಿಯುವುದರಿಂದ ಅದನ್ನು ಗೇಜಿನಿಂದ ಒತ್ತಬಾರದು.

ಆರನೆಯದು, ಎಲ್ಲಕ್ಕಿಂತ ಮುಖ್ಯವಾದುದು. ಪ್ಲಗ್ಗನ್ನು ಬೆರಳುಗಳಿಂದಲೇ ತಿರುಗಿಸಿ ಕೊನೆಯವರೆಗೆ ಇಳಿಸಿ. ಬೆರಳಿಗೆ ಎಟುಕದಷ್ಟು ಆಳದಲ್ಲಿದ್ದರೆ ಪ್ಲಗ್ಗಿನ ತಲೆಗೆ ಒಂದು ರಬ್ಬರ್ ಕೊಳವೆಯನ್ನು ಸಿಕ್ಕಿಸಿ ತಿರುಗಿಸಬಹುದು. ಥ್ರೆಡ್ಡು ಓರೆಯಾಗಿ ಕೂತರೆ ಕೊಳವೆ ಜಾರುತ್ತದೆ. ಬೆರಳಿಗೆ ತಡೆ ತಿಳಿಯುತ್ತದೆ. ಸ್ಪ್ಯಾನರಾದರೋ ಆ ತಡೆಯನ್ನು ತಿಳಿಸದೆ ಕೊರೆದುಕೊಂಡೇ ಹೋಗುತ್ತದೆ. ನಾವು ಹಿಂದೆ ಮಾಡಿದ ತಪ್ಪು ಇದೇ.

ಎಷ್ಟು ಬಿಗಿ?

10 ಮಿಲಿಮೀಟರಿನ ಪ್ಲಗ್ಗಿಗೆ ಸಾಮಾನ್ಯವಾಗಿ 10ರಿಂದ 12 ನ್ಯೂಟನ್ ಮೀಟರು ಟಾರ್ಕ್ ಸಾಕು. ಹಿಡಿಯ ಉದ್ದ 20 ಸೆಂಟಿಮೀಟರಾದರೆ, ಸನ್ನೆಯ ನಿಯಮದಂತೆ 12ನ್ನು 0.2ರಿಂದ ಭಾಗಿಸಲು 60 ನ್ಯೂಟನ್ ಬಲ ಬರುತ್ತದೆ. ಇದು 6 ಕಿಲೋಗ್ರಾಂ ತೂಕದ ಚೀಲವನ್ನು ಎತ್ತುವಷ್ಟು ಬಲ ಮಾತ್ರ. ಸದೃಢನಾದ ತರುಣನು 30 ಕಿಲೋಗ್ರಾಂ ತೂಕದಷ್ಟು ಒತ್ತಿದರೆ ಬೇಕಾದುದರ ಐದು ಪಟ್ಟು ಟಾರ್ಕ್ ಬಿದ್ದಂತಾಯಿತು. ಟಾರ್ಕ್ ಸ್ಪ್ಯಾನರು ಇಲ್ಲದಿದ್ದಲ್ಲಿ, ಹೊಸ ವಾಷರುಳ್ಳ ಪ್ಲಗ್ಗು ಬೆರಳಿನ ಬಿಗಿಯಿಂದ ಕೂತ ಮೇಲೆ ಸುಮಾರು ಅರ್ಧ ಸುತ್ತು ತಿರುಗಿಸಿ ನಿಲ್ಲಿಸಬೇಕು; ಆ ಅರ್ಧ ಸುತ್ತಿನಲ್ಲಿ ವಾಷರು ಚಪ್ಪಟೆಯಾಗಿ ಅನಿಲ ಸೋರದಂತೆ ಮುಚ್ಚುತ್ತದೆ. ಥ್ರೆಡ್ಡಿಗೆ ಎಣ್ಣೆ ಸವರುವುದೂ ಸಲ್ಲದು. ಘರ್ಷಣೆ ಕಡಿಮೆಯಾದರೆ ಅದೇ ಟಾರ್ಕಿಗೆ ಲೋಹ ಹೆಚ್ಚು ಎಳೆತಕ್ಕೆ ಸಿಕ್ಕುತ್ತದೆ.

ಕೊನೆಗೆ ಕ್ಯಾಪನ್ನು ಒತ್ತಿ ಕೂರಿಸಿ, ಬಿಚ್ಚಿದುದನ್ನೆಲ್ಲ ಜೋಡಿಸಿ ಎಂಜಿನ್ನನ್ನು ಚಾಲೂ ಮಾಡಿ. ಆಮೇಲೆ ಒಂದು ಏರನ್ನು ಹತ್ತಿಸಿ ನೋಡಿ. ಕೆಮ್ಮು ನಿಂತಿದ್ದರೆ ಪ್ಯಾಶೆನ್ನನ ನಿಯಮವನ್ನು ನೀವು ಪುಸ್ತಕದ ಹೊರಗೆ ಪರೀಕ್ಷಿಸಿದಂತಾಯಿತು.

ಅಭ್ಯಾಸ: ನಾಲ್ಕು ಸಿಲಿಂಡರಿನ ಫೋರ್ ಸ್ಟ್ರೋಕ್ ಎಂಜಿನ್ನೊಂದು ನಿಮಿಷಕ್ಕೆ 12,000 ಸುತ್ತು ತಿರುಗುತ್ತಿದ್ದರೆ ಸೆಕೆಂಡಿಗೆ ಒಟ್ಟು ಎಷ್ಟು ದಹನಗಳಾಗುತ್ತವೆ? ಉತ್ತರ 400. ಅದು ಬಂದ ಬಗೆಯನ್ನು ವಾಚಕರೇ ಬರೆದು ನೋಡಲಿ.