ಹೆಬ್ಬೆಟ್ಟಿಗೂ ಬೀಗ ಹಾಕಬಹುದು



ನಮ್ಮ ಹಿರಿಯರು ಖಾಲಿ ಕಾಗದಕ್ಕೆ ಹೆಬ್ಬೆಟ್ಟು ಒತ್ತಲು ಹೆದರುತ್ತಿದ್ದರು. ಸಾಹುಕಾರನು ಆಮೇಲೆ ಅದರಲ್ಲಿ ಏನು ಬರೆದುಕೊಳ್ಳುವನೋ ಎಂಬ ಭಯ. ಈಗ ಕಾಗದದ ಬದಲು ಗಾಜಿನ ಸಣ್ಣ ಯಂತ್ರ ಬಂದಿದೆ. ಪಡಿತರಕ್ಕೆ, ಸಿಮ್ ಕಾರ್ಡಿಗೆ, ಊರಿಗೆ ಬರುವ ಬ್ಯಾಂಕ್ ಮಿತ್ರನಿಂದ ಹಣ ಪಡೆಯುವುದಕ್ಕೆ ಅದರ ಮೇಲೆ ಬೆರಳಿಡುತ್ತೇವೆ. ಹಾಗೆ ಹಣ ತೆಗೆಯಲು ಬ್ಯಾಂಕಿನ ಹೆಸರು, ಆಧಾರ್ ಸಂಖ್ಯೆ, ಬೆರಳಚ್ಚು ಇಷ್ಟಿದ್ದರೆ ಸಾಕು, ಗುಪ್ತಸಂಖ್ಯೆ ಬೇಕಿಲ್ಲ. ಓದುಬರಹ ಬಾರದವರಿಗೆ ಇದು ಬಹು ಅನುಕೂಲ. ಕಳ್ಳನಿಗೂ ಅಷ್ಟೇ ಅನುಕೂಲವೆಂಬುದನ್ನು ಮರೆಯಬಾರದು.

2023ರಲ್ಲಿ ನಮ್ಮ ರಾಜ್ಯದಲ್ಲಿಯೇ ಇದು ಕಂಡುಬಂತು. ನೋಂದಣಿಯಾದ ಕ್ರಯಪತ್ರಗಳ ನಕಲು ಪಡೆದು, ಅದರಲ್ಲಿದ್ದ ಬೆರಳಚ್ಚಿನಿಂದ ಪಡಿಯಚ್ಚು ಮಾಡಿ, ಜಮೀನು ಕೊಂಡವರ ಮಾರಿದವರ ಖಾತೆಗಳಿಂದ ಹಣ ಎಳೆದ ಪ್ರಕರಣಗಳನ್ನು ಮಂಗಳೂರು, ಬೆಂಗಳೂರುಗಳಲ್ಲಿ ಪೊಲೀಸರು ದಾಖಲಿಸಿದರು. ಹಣ ಎಳೆಯಲು ಅವರು ಬಂದು ಯಂತ್ರ ಮುಟ್ಟಬೇಕಾಗಿರಲಿಲ್ಲ!

ಹಾಗಾದರೆ ರೈತನು ಏನು ಮಾಡಬೇಕು? ತನ್ನ ಬೆರಳಚ್ಚನ್ನು ಬಳಸಕೂಡದೆಂದು ತಡೆಹಾಕುವ ಅಧಿಕಾರ ಅವನಿಗೇ ಇದೆ. ಆಧಾರ್ ಪ್ರಾಧಿಕಾರದಲ್ಲಿ ಬೆರಳು, ಕಣ್ಣು, ಮುಖದ ಗುರುತುಗಳಿಗೆ ಬೀಗ ಹಾಕಬಹುದು. ಪ್ರಾಧಿಕಾರದ ಆ್ಯಪಿನಲ್ಲಿ ಇಲ್ಲವೆ ಆಧಾರ್ ಕೇಂದ್ರದಲ್ಲಿ ಈ ಕೆಲಸವಾಗುತ್ತದೆ. ಆಧಾರಿಗೆ ಮೊಬೈಲ್ ಸಂಖ್ಯೆ ಸೇರಿರಬೇಕು, ಏಕೆಂದರೆ ಒಪ್ಪಿಗೆಯ ಅಂಕಿ ಅಲ್ಲಿಗೇ ಬರುವುದು. ಪಟ್ಟಣದಲ್ಲಿರುವ ಮಗನ ಸಂಖ್ಯೆ ಕೊಟ್ಟಿದ್ದರೆ ಮೊದಲು ಅದನ್ನು ಬದಲಾಯಿಸಿಕೊಳ್ಳಿ. ಸಂದೇಹವಿದ್ದರೆ 1947ಕ್ಕೆ ಫೋನು ಮಾಡಿ. ಸ್ವಾತಂತ್ರ್ಯ ಬಂದ ವರ್ಷವೇ ಆ ಸಂಖ್ಯೆ.

ಬೀಗ ಹಾಕಿದ ಮೇಲೆ ಪಡಿತರ ಅಂಗಡಿಯ ಯಂತ್ರವೂ ನಿಮ್ಮ ಬೆರಳನ್ನು ಒಪ್ಪದು. ಅದಕ್ಕಾಗಿ ಆ ಹೊತ್ತಿಗೆ ಬೀಗ ತೆರೆದು ಮತ್ತೆ ಹಾಕಬೇಕು. ಸ್ವಲ್ಪ ತೊಂದರೆಯೇ. ಆದರೆ ಕಣಜಕ್ಕೆ ಬೀಗ ಹಾಕುವವನು ಕೀಲಿ ಹುಡುಕುವ ತೊಂದರೆಯನ್ನೂ ಪಡುತ್ತಾನಲ್ಲವೆ?

ಕಾನೂನಿನ ಮಾತೂ ಒಂದಿಷ್ಟು ತಿಳಿದಿರಲಿ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಖಾಸಗಿತನವು ಮೂಲಭೂತ ಹಕ್ಕೆಂದು ತೀರ್ಪಿತ್ತರು. 2023ರಲ್ಲಿ ವೈಯಕ್ತಿಕ ದತ್ತಾಂಶ ಸಂರಕ್ಷಣೆಯ ಕಾಯಿದೆಯಾಯಿತು. ಕೊಟ್ಟ ಒಪ್ಪಿಗೆಯನ್ನು ಹಿಂದಕ್ಕೆ ಪಡೆಯಬಹುದು, ಕೊಟ್ಟಷ್ಟೇ ಸುಲಭವಾಗಿ ಪಡೆಯುವಂತಿರಬೇಕು ಎಂದು ಅದು ಹೇಳುತ್ತದೆ. ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಈ ಭಾಗದ ಜಾರಿಗೆ ಅಲ್ಲಿಂದ 18 ತಿಂಗಳ ಅವಧಿ ಗೊತ್ತುಮಾಡಲಾಯಿತು. ಆದರೆ ಸರಕಾರವು ಸಹಾಯಧನ ಕೊಡಲು ನಿಮ್ಮ ವಿವರ ಬಳಸುವಾಗ ಹೊಸ ಒಪ್ಪಿಗೆ ಕೇಳಲೇಬೇಕೆಂದಿಲ್ಲ. ಇದು ಆ ಕಾಯಿದೆಯ ಕೊರತೆಯೆಂದೇ ನಮ್ಮ ಅಭಿಪ್ರಾಯ. ಸಾಲದ ಆ್ಯಪಿನವನಿಗೂ ಗೊಬ್ಬರದ ಕಂಪನಿಗೂ ಅಂಥ ರಿಯಾಯಿತಿಯಿಲ್ಲ.

ಗುರುತಿಗಾಗಿ ಆಧಾರ್ ಪ್ರತಿ ಕೇಳಿದರೆ ಕೊನೆಯ 4 ಅಂಕಿ ಮಾತ್ರ ಕಾಣುವ ಪ್ರತಿಯನ್ನು ಕೊಡಿ. ಖಾತೆಯಿಂದ ಹಣ ಹೋದದ್ದು ತಿಳಿದೊಡನೆ 1930ಕ್ಕೆ ಫೋನು ಮಾಡಿ, ಅಂದೇ ಬ್ಯಾಂಕಿಗೆ ಬರಹದಲ್ಲಿ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ.