ಅಯಸ್ಕಾಂತ, ಕವಚ, ಮುಚ್ಚಳ: ಬೇಸ್ ಗಿಟಾರಿನಿಂದ ಪದಾಯ್ಕೆಯ ಒಂದು ಪಾಠ

ಐಚ್ಛಿಕ ಕನ್ನಡದ ಭಾಷಾಂತರ ಪಾಠಗಳಲ್ಲಿ ಕಥೆ, ಕವಿತೆ, ಪತ್ರಿಕಾ ವರದಿಗಳ ಭಾಗಗಳು ಅಭ್ಯಾಸಕ್ಕೆ ಬರುತ್ತವೆ. ಉಪಕರಣವೊಂದರ ರಚನೆಯನ್ನು ವಿವರಿಸುವ ಗದ್ಯ ಬರುವುದು ಅಪರೂಪ. ಇಂತಹ ಗದ್ಯಕ್ಕೆ ಪಾರಿಭಾಷಿಕ ಪದಕೋಶವೊಂದಿದ್ದರೆ ಸಾಕೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಆದರೆ ಒಂದು ವಸ್ತು ಮಾಡುವ ಕೆಲಸವನ್ನು ಅರಿಯದೆ ಅದಕ್ಕೆ ಹೆಸರಿಟ್ಟರೆ ಆ ಹೆಸರು ಓದುಗನನ್ನು ದಾರಿ ತಪ್ಪಿಸುತ್ತದೆ. ವಿದ್ಯುತ್ ಬೇಸ್ ಗಿಟಾರಿನ ಪಿಕಪ್ ಎಂಬ ಭಾಗ ಇದಕ್ಕೆ ಒಳ್ಳೆಯ ನಿದರ್ಶನ. ಅದರೊಳಗೆ ಅಯಸ್ಕಾಂತವಿದೆ, ಅದರ ಮೇಲೆ ಇಂಗ್ಲಿಷಿನಲ್ಲಿ ‘ಕವರ್’ ಎಂದು ಕರೆಯುವ ಹೊದಿಕೆಯಿದೆ. ಈ ಎರಡರ ಉದ್ದೇಶಗಳೇನು? ಕನ್ನಡದಲ್ಲಿ ಅವನ್ನು ಏನೆಂದು ಕರೆಯಬೇಕು? ಈ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೇ ಪರಿಶೀಲಿಸೋಣ.

೧. ಕೊಡವಿಲ್ಲದ ವಾದ್ಯ

ವೀಣೆಯ ತಂತಿಯನ್ನು ಮೀಟಿದಾಗ ಅದರ ಕಂಪನ ಕುದುರೆಯ ಮೂಲಕ ಟೊಳ್ಳಾದ ಕೊಡಕ್ಕೆ ಇಳಿಯುತ್ತದೆ. ಕೊಡ ತನ್ನ ಸುತ್ತಲಿನ ಗಾಳಿಯನ್ನು ಅಲುಗಿಸುವುದರಿಂದ ನಾದ ದೊಡ್ಡದಾಗುತ್ತದೆ. ಪಾಶ್ಚಾತ್ಯ ಸಂಗೀತದಲ್ಲಿ ಮಂದ್ರ ಸ್ವರಗಳನ್ನು ನುಡಿಸುವ ಡಬಲ್ ಬೇಸ್ ಕೂಡ ಇದೇ ತತ್ತ್ವದ ಮೇಲೆ ನಿಂತಿದೆ. ಅದು ಆಳೆತ್ತರದ ವಾದ್ಯ. ಸಾಗಿಸುವುದು ಕಷ್ಟ, ಇತರ ವಾದ್ಯಗಳ ಅಬ್ಬರದ ನಡುವೆ ಅದರ ದನಿ ಕೇಳಿಸುವುದೂ ಕಷ್ಟ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಲಿಯೋ ಫೆಂಡರ್ ಅವರ ಸಂಸ್ಥೆ 1951ರಲ್ಲಿ ಹೊರತಂದ ‘ಪ್ರಿಸಿಷನ್ ಬೇಸ್’ ಈ ತೊಡಕುಗಳಿಗೆ ಉತ್ತರವಾಗಿ ಬಂದಿತು. ಅಂತಹ ಯತ್ನಗಳು ಮೊದಲೂ ನಡೆದಿದ್ದವು. ವ್ಯಾಪಕ ಬಳಕೆಗೆ ಬಂದುದು ಇದು. ವೀಣೆಯಲ್ಲಿರುವಂತೆ ಇದರಲ್ಲೂ ಮೆಟ್ಟಿಲುಗಳಿವೆ. ಬೆರಳಿಟ್ಟ ಸ್ಥಾನದಲ್ಲಿ ಸ್ವರ ನಿಖರವಾಗಿ ನಿಲ್ಲುವುದರಿಂದ ‘ನಿಖರತೆ’ ಎಂಬರ್ಥದ ಆ ಹೆಸರು ಬಂದಿತು.

ಈ ಗಿಟಾರಿನ ಒಡಲು ಗಟ್ಟಿ ಮರದ್ದು, ಅದಕ್ಕೆ ಕೊಡವಿಲ್ಲ. ಆದ್ದರಿಂದ ತಂತಿಯ ಚಲನೆಯನ್ನು ವಿದ್ಯುತ್ತಾಗಿ ಮಾರ್ಪಡಿಸಿ ಆಂಪ್ಲಿಫೈಯರಿಗೆ ಕಳಿಸುವ ಭಾಗವೊಂದು ಬೇಕು. ತಂತಿಗಳ ಕೆಳಗೆ ಕೂರುವ ಆ ಭಾಗವೇ ಪಿಕಪ್.

೨. ಅಯಸ್ಕಾಂತದ ಕೆಲಸ

ಪಿಕಪ್ ಒಂದು ಬಗೆಯ ಮೈಕ್ ಎಂದು ಹಲವರು ಭಾವಿಸುತ್ತಾರೆ. ಈ ಭಾವನೆ ಸರಿಯಲ್ಲ. ಮೈಕ್ ಗಾಳಿಯ ಅಲೆಯನ್ನು ಗ್ರಹಿಸುತ್ತದೆ. ಪಿಕಪ್ ಗ್ರಹಿಸುವುದು ಲೋಹದ ಚಲನೆಯನ್ನು. ಅದರೊಳಗೆ ಒಂದು ಅಥವಾ ಹಲವು ಅಯಸ್ಕಾಂತಗಳಿದ್ದು, ಅವುಗಳ ಸುತ್ತ ಕೂದಲಿಗಿಂತ ದಪ್ಪವಲ್ಲದ ತಾಮ್ರದ ತಂತಿಯನ್ನು ಸಾವಿರಾರು ಸಲ ಸುತ್ತಿರುತ್ತಾರೆ. ಅಯಸ್ಕಾಂತದ ಪ್ರಭಾವದಿಂದ ಮೇಲಿನ ಉಕ್ಕಿನ ತಂತಿಯೂ ತಾತ್ಕಾಲಿಕವಾಗಿ ಕಾಂತಗುಣವನ್ನು ಪಡೆಯುತ್ತದೆ. ಆ ತಂತಿ ಅಲುಗಿದಾಗ ಸುರುಳಿಯ ಮೂಲಕ ಹಾಯುವ ಕಾಂತಕ್ಷೇತ್ರ ಏರಿಳಿಯುತ್ತದೆ. ಏರಿಳಿಯುವ ಕಾಂತಕ್ಷೇತ್ರ ಸುರುಳಿಯಲ್ಲಿ ವಿದ್ಯುತ್ತನ್ನು ಹುಟ್ಟಿಸುತ್ತದೆ ಎಂಬುದನ್ನು ಮೈಕಲ್ ಫ್ಯಾರಡೆ 1831ರಲ್ಲಿ ತೋರಿಸಿಕೊಟ್ಟಿದ್ದರು. ತಂತಿ ಸೆಕೆಂಡಿಗೆ 55 ಬಾರಿ ಕಂಪಿಸಿದರೆ ಆ ವಿದ್ಯುತ್ತೂ ಅದೇ ಲಯದಲ್ಲಿ ಏರಿಳಿಯುತ್ತದೆ.

ಹಾಗಾಗಿ ಅಯಸ್ಕಾಂತಕ್ಕೆ ಸ್ಪಂದಿಸುವ ತಂತಿಯನ್ನು ಮಾತ್ರ ಪಿಕಪ್ ಅರಿಯಬಲ್ಲದು. ಉಕ್ಕು, ನಿಕ್ಕಲ್ ಲೇಪಿತ ಉಕ್ಕುಗಳ ತಂತಿಗೆ ಅದು ಓಗೊಡುತ್ತದೆ. ನೈಲಾನ್ ತಂತಿಗೆ, ಶುದ್ಧ ಹಿತ್ತಾಳೆಯ ತಂತಿಗೆ ಅದು ಕಿವುಡು. ಅಯಸ್ಕಾಂತ ತಂತಿಗೆ ಹತ್ತಿರವಾದಷ್ಟೂ ದನಿ ಜೋರಾಗುತ್ತದೆ. ಆದರೆ ತೀರ ಹತ್ತಿರವಾದರೆ ಅದರ ಸೆಳೆತ ತಂತಿಯ ಸಹಜ ಕಂಪನವನ್ನೇ ತಡೆದು, ನಾದ ಬೇಗ ಕುಂದುತ್ತದೆ, ಶ್ರುತಿಯೂ ಕದಡಬಹುದು. ಪಿಕಪ್‌ನ ಎತ್ತರವನ್ನು ಹೊಂದಿಸಲು ತಿರುಪುಗಳನ್ನು ಇರಿಸಿರುವುದು ಇದಕ್ಕಾಗಿಯೇ.

ಫೆಂಡರ್ ಮಾದರಿಯ ಪಿಕಪ್‌ಗಳಲ್ಲಿ ಹೆಚ್ಚಾಗಿ ಬಳಸಿರುವುದು ಆಲ್ನಿಕೊ ಎಂಬ ಮಿಶ್ರಲೋಹದ ಕಡ್ಡಿಗಳನ್ನು. ಕಬ್ಬಿಣಕ್ಕೆ ಅಲ್ಯುಮಿನಿಯಂ, ನಿಕ್ಕಲ್, ಕೋಬಾಲ್ಟ್‌ಗಳನ್ನು ಬೆರೆಸಿದ ಲೋಹವಿದು. ಆ ಮೂರು ಧಾತುಗಳ ಹೆಸರಿನ ಮೊದಲ ಭಾಗಗಳನ್ನು ಕೂಡಿಸಿ ಹೆಸರು ಕಟ್ಟಿದ್ದಾರೆ. ಅಗ್ಗವಾದ ಸಿರಾಮಿಕ್ ಅಯಸ್ಕಾಂತ, ಹೆಚ್ಚು ಬಲವುಳ್ಳ ನಿಯೋಡಿಮಿಯಂ ಅಯಸ್ಕಾಂತಗಳೂ ಬಳಕೆಯಲ್ಲಿವೆ.

೩. ಒಂದು ವಸ್ತು, ಹಲವು ನುಡಿ

ಕಾಸರಗೋಡು, ತಾಳವಾಡಿ, ಮಡಕಶಿರಾ, ಅಕ್ಕಲಕೋಟೆಗಳಂತಹ ಗಡಿನಾಡಿನ ವಿದ್ಯಾರ್ಥಿಗಳಿಗೆ ಅಯಸ್ಕಾಂತ ಎಂಬ ಪದ ಹೋಲಿಕೆಯ ಅಧ್ಯಯನಕ್ಕೆ ಒಳ್ಳೆಯ ಸಾಮಗ್ರಿ. ಸಂಸ್ಕೃತದಲ್ಲಿ ‘ಅಯಸ್’ ಎಂದರೆ ಕಬ್ಬಿಣ, ‘ಕಾಂತ’ ಎಂದರೆ ಪ್ರಿಯ. ಕಬ್ಬಿಣಕ್ಕೆ ಪ್ರಿಯವಾದುದು ಅಯಸ್ಕಾಂತ. ಕುಮಾರಸಂಭವದ ಎರಡನೆಯ ಸರ್ಗದಲ್ಲಿ ಕಾಳಿದಾಸ ಈ ಉಪಮೆಯನ್ನು ಬಳಸಿದ್ದಾನೆ: ತಪೋನಿರತ ಶಿವನ ಮನಸ್ಸನ್ನು ಪಾರ್ವತಿಯ ಚೆಲುವಿನಿಂದ ಸೆಳೆಯಬೇಕೆಂಬ ಮಾತು ಬರುವಾಗ ಅಯಸ್ಕಾಂತವೂ ಲೋಹವೂ ಅಲ್ಲಿ ಕಾಣಿಸಿಕೊಳ್ಳುತ್ತವೆ. ತೆಲುಗು ಇಡೀ ಪದವನ್ನು ಉಳಿಸಿಕೊಂಡಿದೆ; ಮಲಯಾಳ ಮತ್ತು ತಮಿಳುಗಳಲ್ಲಿ ಉತ್ತರಾರ್ಧ ಮಾತ್ರ ‘ಕಾಂತಂ’ ಎಂದು ಬಳಕೆಯಲ್ಲಿದೆ. ಮರಾಠಿಯ ‘ಚುಂಬಕ’ ಮುತ್ತಿಡುವುದನ್ನು ಸೂಚಿಸುತ್ತದೆ. ಕನ್ನಡದ ದೇಸಿ ಪದ ‘ಸೂಜಿಗಲ್ಲು’, ತೆಲುಗಿನ ‘ಸೂದಂಟುರಾಯಿ’ ಇವೆರಡೂ ಕಲ್ಲಿನ ಮತ್ತು ಸೂಜಿಯ ಸಂಬಂಧವನ್ನು ಹೇಳುತ್ತವೆ.

ಈ ಹೆಸರುಗಳೆಲ್ಲವೂ ಸೆಳೆಯುವ ಗುಣವನ್ನೇ ಎತ್ತಿ ಹಿಡಿಯುತ್ತವೆ. ಆದರೆ ಪಿಕಪ್‌ನಲ್ಲಿ ಸೆಳೆತ ಬೇಕಾದ ಗುಣವಲ್ಲ, ಹದದಲ್ಲಿಡಬೇಕಾದ ಗುಣ. ಅಲ್ಲಿ ಬೇಕಾದುದು ತಂತಿಗೆ ಕಾಂತಗುಣವನ್ನು ನೀಡುವ ಶಕ್ತಿ. ಪದದ ನಿಷ್ಪತ್ತಿ ವಸ್ತುವಿನ ಒಂದು ಮುಖವನ್ನಷ್ಟೇ ತೋರಿಸಬಲ್ಲದೆಂಬುದಕ್ಕೆ ಇದು ಸಾಕ್ಷಿ. ಉಳಿದುದನ್ನು ವಾಕ್ಯವೇ ಹೇಳಬೇಕು.

೪. ಹೊದಿಕೆಯ ಕೆಲಸಗಳು

ಅಯಸ್ಕಾಂತವಿಲ್ಲದೆ ಪಿಕಪ್ ಇಲ್ಲ. ಕವರ್ ಇಲ್ಲದೆಯೂ ಅದು ದುಡಿಯುತ್ತದೆ. ಹಾಗಿದ್ದರೆ ಕವರ್ ಏಕೆ? ಇದಕ್ಕೆ ಒಂದೇ ಉತ್ತರವಿಲ್ಲ.

ಮೊದಲನೆಯದು ರಕ್ಷಣೆ. ಸುರುಳಿಯ ತಂತಿ ಎಷ್ಟು ನವಿರೆಂದರೆ ಉಗುರು ತಗುಲಿದರೂ ತುಂಡಾಗಬಹುದು. ಬೆವರಿನ ತೇವದಿಂದ ಕಾಲಾಂತರದಲ್ಲಿ ಸವೆಯಲೂಬಹುದು. ಒಂದೆಡೆ ತುಂಡಾದರೂ ಸಾಕು, ಪಿಕಪ್ ಹೆಚ್ಚುಕಡಿಮೆ ಮೂಕವಾಗುತ್ತದೆ. ಪ್ಲಾಸ್ಟಿಕ್ ಹೊದಿಕೆ ಇದನ್ನು ತಡೆಯುತ್ತದೆ, ಕಾಂತಕ್ಷೇತ್ರಕ್ಕೆ ಅಡ್ಡಿಯನ್ನೂ ಮಾಡುವುದಿಲ್ಲ.

ಎರಡನೆಯದು ವಿದ್ಯುತ್ ಗದ್ದಲದ ನಿವಾರಣೆ. ಟ್ಯೂಬ್‌ಲೈಟು, ಮನೆಯ ವೈರಿಂಗ್ ಮೊದಲಾದವುಗಳ ವಿದ್ಯುತ್ ಕ್ಷೇತ್ರ ಸುರುಳಿಯನ್ನು ತಲುಪಿದರೆ ಝೇಂಕಾರ ಕೇಳಿಸುತ್ತದೆ. ಲೋಹದ ಆವರಣದೊಳಕ್ಕೆ ಹೊರಗಿನ ವಿದ್ಯುತ್ ಕ್ಷೇತ್ರ ಪ್ರವೇಶಿಸದೆಂಬುದನ್ನು 1836ರಲ್ಲಿ ತೋರಿಸಿದವರೂ ಫ್ಯಾರಡೆಯವರೇ. ಭೂಸಂಪರ್ಕಕ್ಕೆ ಜೋಡಿಸಿದ ಲೋಹದ ಹೊದಿಕೆ ಈ ತತ್ತ್ವದಿಂದ ದುಡಿಯುತ್ತದೆ. ಪ್ಲಾಸ್ಟಿಕ್‌ಗೆ ಈ ಶಕ್ತಿಯಿಲ್ಲ. ಆದ್ದರಿಂದ ಪ್ಲಾಸ್ಟಿಕ್ ಹೊದಿಕೆಯಿದ್ದಲ್ಲಿ ಮರದ ಕುಳಿಯೊಳಗೆ ತಾಮ್ರದ ಹಾಳೆಯನ್ನು ಅಂಟಿಸುವ ರೂಢಿಯಿದೆ.

ಲೋಹದ ಹೊದಿಕೆಗೆ ತೆರಬೇಕಾದ ಬೆಲೆಯೂ ಇದೆ. ಏರಿಳಿಯುವ ಕಾಂತಕ್ಷೇತ್ರ ಹೊದಿಕೆಯ ಲೋಹದಲ್ಲೂ ಪುಟ್ಟ ಸುಳಿಗಳಂತಹ ವಿದ್ಯುತ್ ಪ್ರವಾಹಗಳನ್ನು ಎಬ್ಬಿಸುತ್ತದೆ. ಅವು ನಾದದ ತಾರಾಂಶಗಳನ್ನು ಮಂದಗೊಳಿಸುತ್ತವೆ. ಹಿತ್ತಾಳೆಯಲ್ಲಿ ವಿದ್ಯುತ್ ಸುಲಭವಾಗಿ ಹರಿಯುವುದರಿಂದ ಈ ನಷ್ಟ ಹೆಚ್ಚು. 1950ರ ದಶಕದಲ್ಲಿ ಗಿಬ್ಸನ್ ಸಂಸ್ಥೆಯ ಸೇತ್ ಲವರ್ ಗಿಟಾರ್ ಪಿಕಪ್ಪಿನ ಹೊದಿಕೆಗೆ ಜರ್ಮನ್ ಸಿಲ್ವರನ್ನು ಆರಿಸಿಕೊಂಡರು. ನಮ್ಮ ಮನೆಗಳ ಪೂಜಾಸಾಮಗ್ರಿಗಳಲ್ಲಿ ಕಾಣುವ ಈ ಲೋಹದಲ್ಲಿ ಹೆಸರಿಗೆ ತಕ್ಕ ಬೆಳ್ಳಿಯಿಲ್ಲ. ಅದು ತಾಮ್ರ, ನಿಕ್ಕಲ್, ಸತುವುಗಳ ಮಿಶ್ರಣ. ವಿದ್ಯುತ್ತಿಗೆ ಅದು ಒಡ್ಡುವ ತಡೆ ಹಿತ್ತಾಳೆಗಿಂತ ಹೆಚ್ಚಾದ್ದರಿಂದ ಸುಳಿಪ್ರವಾಹಗಳು ದುರ್ಬಲವಾಗುತ್ತವೆ.

೫. ಹೊದಿಕೆ ತಡೆಯಲಾರದ ಗುಂಗು

ವಿದ್ಯುತ್ ಕ್ಷೇತ್ರದಿಂದ ಬರುವ ಗದ್ದಲ ಒಂದು ಬಗೆ. ಟ್ರಾನ್ಸ್‌ಫಾರ್ಮರ್ ಮುಂತಾದವುಗಳ ಕಾಂತಕ್ಷೇತ್ರದಿಂದ ಬರುವ ಗುಂಗು ಇನ್ನೊಂದು ಬಗೆ. ಈ ಎರಡನೆಯದನ್ನು ತೆಳುವಾದ ಹೊದಿಕೆ ತಡೆಯಲಾರದು. ಬೇಸ್ ಗಿಟಾರಿಗೆ ಇದು ವಿಶೇಷ ಕಂಟಕ. ಅದರ ನಾಲ್ಕು ತಂತಿಗಳ ಆವರ್ತನ ಸುಮಾರು 41, 55, 73 ಮತ್ತು 98 ಹರ್ಟ್ಸ್. ನಮ್ಮ ದೇಶದ ವಿದ್ಯುತ್ತಿನ ಆವರ್ತನ 50 ಹರ್ಟ್ಸ್, ಅಮೆರಿಕದಲ್ಲಿ 60. ಗುಂಗು ಸ್ವರಗಳ ನಡುವೆಯೇ ಬಂದು ಕೂರುವುದರಿಂದ ಅದನ್ನು ಸೋಸಿ ತೆಗೆಯಹೋದರೆ ಸಂಗೀತವೂ ಹೋಗುತ್ತದೆ.

ಇದಕ್ಕೆ ಪರಿಹಾರ ಅಯಸ್ಕಾಂತದ ಕಡೆಯಿಂದ ಬಂದಿತು. 1957ರಲ್ಲಿ ಪ್ರಿಸಿಷನ್ ಬೇಸ್‌ನ ಪಿಕಪ್ಪನ್ನು ಎರಡು ತುಂಡಾಗಿಸಿ, ಒಂದೊಂದನ್ನು ಎರಡೆರಡು ತಂತಿಗಳ ಕೆಳಗಿಟ್ಟರು. ಎರಡನೆಯ ತುಂಡಿನಲ್ಲಿ ಸುರುಳಿಯ ದಿಕ್ಕು ತಿರುಗುಮುರುಗು, ಅಯಸ್ಕಾಂತದ ಧ್ರುವಗಳೂ ತಿರುಗುಮುರುಗು. ಹೊರಗಿನ ಗುಂಗಿಗೆ ಪಿಕಪ್‌ನ ಅಯಸ್ಕಾಂತದ ಹಂಗಿಲ್ಲ. ಅದು ಸುರುಳಿಯ ದಿಕ್ಕನ್ನಷ್ಟೇ ಅನುಸರಿಸಿ ಎರಡು ತುಂಡುಗಳಲ್ಲಿ ಪರಸ್ಪರ ವಿರುದ್ಧವಾಗಿ ಹುಟ್ಟಿ ಅಳಿದುಹೋಗುತ್ತದೆ. ತಂತಿಯ ಸಂಕೇತ ಎರಡನ್ನೂ ಅವಲಂಬಿಸಿದೆ. ಎರಡೂ ತಿರುಗಿದಾಗ ಅದು ಮೊದಲಿನಂತೆಯೇ ಉಳಿಯುತ್ತದೆ. ಕನ್ನಡದ ವ್ಯಾಕರಣದಲ್ಲಿ ಇದಕ್ಕೆ ಹೋಲಿಕೆಯಿದೆ. ‘ಬರಲಿಲ್ಲ’ ಎಂದರೆ ನಿಷೇಧ. ‘ಬಾರದಿರಲಿಲ್ಲ’ ಎಂದರೆ ಎರಡು ನಿಷೇಧಗಳು ಸೇರಿ ಬಂದುದೇ ನಿಜವೆಂದಾಗುತ್ತದೆ. ಗುಂಗಿಗೆ ಒಂದೇ ನಿಷೇಧ, ತಂತಿಯ ಸ್ವರಕ್ಕೆ ಎರಡು.

೬. ಕೆಲಸ ಕಳೆದುಕೊಂಡರೂ ಉಳಿದ ರೂಪ

ಹಳೆಯ ಫೆಂಡರ್ ಬೇಸ್‌ಗಳಲ್ಲಿ ಪಿಕಪ್‌ನ ಚಿಕ್ಕ ಹೊದಿಕೆಯಲ್ಲದೆ, ತಂತಿಗಳ ಮೇಲೆ ಕಮಾನಿನಂತೆ ಬಾಗಿದ ಎರಡು ಕ್ರೋಮ್ ಮುಚ್ಚಳಗಳಿದ್ದವು: ಪಿಕಪ್‌ನ ಮೇಲೊಂದು, ಕುದುರೆಯ ಮೇಲೊಂದು. ಅವು ವಾದ್ಯಕ್ಕೆ ಅಚ್ಚುಕಟ್ಟಾದ ನೋಟವನ್ನು ಕೊಟ್ಟವು, ಅಂಗೈಯೂರಲು ಆಸರೆಯಾದವು. ಕುದುರೆಯ ಮುಚ್ಚಳದ ಒಳಗೆ ಮೆತ್ತನೆಯ ಪಟ್ಟಿಯೊಂದು ತಂತಿಗಳನ್ನು ಒತ್ತಿ ಹಿಡಿದು, ನಾದವನ್ನು ಡಬಲ್ ಬೇಸ್‌ನಂತೆ ಮೊಟಕುಗೊಳಿಸುತ್ತಿತ್ತು. ಕೈಯಾಡಿಸಲು ಅಡ್ಡಿಯೆಂದು ಅನೇಕ ವಾದಕರು ಈ ಮುಚ್ಚಳಗಳನ್ನು ಕಳಚಿಟ್ಟರು.

ರಿಕೆನ್‌ಬ್ಯಾಕರ್ ಸಂಸ್ಥೆಯ ಕಥೆ ಇನ್ನೂ ಸ್ವಾರಸ್ಯಕರ. 1957ರಲ್ಲಿ ಬಂದ ಅದರ 4000 ಮಾದರಿಯ ಬೇಸ್‌ನಲ್ಲಿ ಕುದುರೆಲಾಳದ ಆಕಾರದ ಅಯಸ್ಕಾಂತಗಳು ತಂತಿಗಳನ್ನು ಮೇಲಿನಿಂದ ಬಳಸಿ ನಿಂತಿದ್ದವು. ತಂತಿಗಳು ಅವುಗಳ ನಡುವೆಯೇ ಹಾಯುತ್ತಿದ್ದವು. ಅಲ್ಲಿ ಹೊದಿಕೆಯಂತೆ ಕಾಣುತ್ತಿದ್ದುದೇ ಅಯಸ್ಕಾಂತ. 1960ರ ದಶಕದ ಕೊನೆಗೆ ಆ ಪಿಕಪ್ ಹೋಗಿ ಬೇರೆ ಬಗೆಯದು ಬಂದಿತು. ಆದರೆ ತಂತಿಗಳ ಮೇಲೆ ಲೋಹದ ಮುಚ್ಚಳ ನಂತರವೂ ಮುಂದುವರಿಯಿತು. ಅಯಸ್ಕಾಂತ ಹೋದರೂ ಅದರ ನೆರಳು ಉಳಿಯಿತು. ಉಚ್ಚಾರಣೆ ಬದಲಾದ ಮೇಲೂ ಹಳೆಯ ಕಾಗುಣಿತ ಉಳಿಯುವಂತೆ, ವಸ್ತುಗಳಲ್ಲೂ ರೂಪ ಕೆಲಸಕ್ಕಿಂತ ದೀರ್ಘಾಯು.

೭. ಪದಾಯ್ಕೆ

ಈಗ ಮೊದಲ ಪ್ರಶ್ನೆಗೆ ಮರಳೋಣ. ಇಂಗ್ಲಿಷಿನ ‘ಕವರ್’ ಈ ಎಲ್ಲ ವಸ್ತುಗಳಿಗೂ ಸಲ್ಲುತ್ತದೆ. ಕನ್ನಡ ಅಷ್ಟು ಉದಾರವಲ್ಲ, ಹೆಚ್ಚು ವಿವೇಚನೆಯುಳ್ಳದ್ದು. ಸುರುಳಿಯನ್ನು ಪೆಟ್ಟಿನಿಂದ, ವಿದ್ಯುತ್ ಗದ್ದಲದಿಂದ ಕಾಪಾಡುವುದನ್ನು ‘ಕವಚ’ ಎನ್ನಬಹುದು. ತೆರೆದು ಮುಚ್ಚಬಲ್ಲ, ಕಳಚಿಡಬಲ್ಲ ಕ್ರೋಮ್ ಭಾಗ ‘ಮುಚ್ಚಳ’. ಉದ್ದೇಶವನ್ನು ಹೇಳದೆ ಸಾಮಾನ್ಯವಾಗಿ ನುಡಿಯುವಾಗ ‘ಹೊದಿಕೆ’ ಸಾಕು. ಪಿಕಪ್ ಎಂಬುದನ್ನು ಹಾಗೆಯೇ ಉಳಿಸಿಕೊಂಡರೆ ನಷ್ಟವಿಲ್ಲ; ‘ಗ್ರಾಹಕ’ ಎಂದು ಅನುವಾದಿಸಿದರೆ ಅಂಗಡಿಗೆ ಬಂದವನ ನೆನಪಾದೀತು. ಎರವಲು ಪದವನ್ನು ಉಳಿಸಿಕೊಳ್ಳುವುದು ಸೋಲಲ್ಲ. ತಿಳಿಯದ ಕೆಲಸಕ್ಕೆ ಸೊಗಸಾದ ಹೆಸರು ಕಟ್ಟುವುದೇ ಸೋಲು.

ಸಾಹಿತ್ಯದ ತರಗತಿಯ ಹೊರಗೆ ಕನ್ನಡವನ್ನು ಅಷ್ಟಾಗಿ ಕಾಣದ ಗಡಿನಾಡಿನ ವಿದ್ಯಾರ್ಥಿಗೆ ಈ ಅಭ್ಯಾಸ ಹೆಚ್ಚು ಅಗತ್ಯ. ತನ್ನ ಸುತ್ತಲಿನ ವಸ್ತುಗಳು ಹೇಗೆ ದುಡಿಯುತ್ತವೆಂಬುದನ್ನು ಕನ್ನಡದಲ್ಲಿ ವಿವರಿಸಬಲ್ಲವನಿಗೆ ಆ ಭಾಷೆ ಪರೀಕ್ಷೆಯ ವಿಷಯವಾಗಿ ಮಾತ್ರ ಉಳಿಯುವುದಿಲ್ಲ.

ಅಭ್ಯಾಸ

1. ಪಿಕಪ್ ಮತ್ತು ಮೈಕ್‌ಗಳ ವ್ಯತ್ಯಾಸವನ್ನು ಐದು ವಾಕ್ಯಗಳಲ್ಲಿ ವಿವರಿಸಿ.
2. ಕವಚ, ಮುಚ್ಚಳ, ಹೊದಿಕೆ, ಮುಸುಕು, ಪೊರೆ: ಈ ಪದಗಳ ಅರ್ಥಛಾಯೆಗಳನ್ನು ಉದಾಹರಣೆಗಳೊಂದಿಗೆ ಬೇರ್ಪಡಿಸಿ.
3. ‘ಬಾರದಿರಲಿಲ್ಲ’ ಎಂಬಂತಹ ದ್ವಿನಿಷೇಧ ರೂಪಗಳನ್ನು ಸಂಗ್ರಹಿಸಿ, ಅವು ಸರಳ ವಿಧಿರೂಪಕ್ಕಿಂತ ಹೇಗೆ ಭಿನ್ನವೆಂದು ಚರ್ಚಿಸಿ.
4. ನಿಮ್ಮ ಮನೆಯ ಒಂದು ಉಪಕರಣದ ಎರಡು ಭಾಗಗಳನ್ನು ಆರಿಸಿ, ಅವುಗಳ ಕೆಲಸವನ್ನು ಒಂದು ಪುಟದಲ್ಲಿ ಬರೆಯಿರಿ. ಆ ಭಾಗಗಳಿಗೆ ನೆರೆಭಾಷೆಯಲ್ಲಿರುವ ಹೆಸರನ್ನೂ ದಾಖಲಿಸಿ.