ಬಾವಿ ಗೋಡೆಯ ಜರೀಗಿಡ ಮನೆಯಲ್ಲಿ ಬೆಳೆದೀತೇ?

ಮಕ್ಕಳೇ, ಹಳೆಯ ಕಲ್ಲಿನ ಬಾವಿಯ ಒಳಗೋಡೆಯನ್ನು ಗಮನಿಸಿದ್ದೀರಾ? ಕಲ್ಲಿನ ಸಂದಿಗಳಿಂದ ನವಿರಾದ ಹಸಿರು ಎಲೆಗಳು ಇಳಿಬಿದ್ದಿರುವುದುಂಟು. ಅವುಗಳ ಕಡ್ಡಿ ಕಪ್ಪಾಗಿ, ಕೂದಲಿನಂತೆ ತೆಳ್ಳಗೆ ಹೊಳೆಯುತ್ತಿದ್ದರೆ ಅದು ಅಡಿಯಾಂಟಮ್ ಎಂಬ ಜರೀಗಿಡ. ಇದರ ಒಂದು ಬಗೆಗೆ ಹಂಸಪದಿ ಎಂಬ ಹೆಸರಿದೆ.

ಬಾಗಲಕೋಟೆ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿ.ಮೀ. ಮಾತ್ರ. ಆಗುಂಬೆಯಲ್ಲಿ ಇದರ ಹತ್ತು ಪಟ್ಟಿಗೂ ಹೆಚ್ಚು. ಬೇಸಿಗೆಯಲ್ಲಿ ಪಟ್ಟದಕಲ್ಲು, ಬಾದಾಮಿಗಳ ಕೆಂಪು ಮರಳುಗಲ್ಲು ಕಾದ ಹಂಚಿನಂತಾಗುತ್ತದೆ. ಇಂಥ ಕಡೆ ಇಷ್ಟು ಕೋಮಲವಾದ ಗಿಡ ಹೇಗೆ ಬದುಕುತ್ತದೆ? ಉತ್ತರ ಬಾವಿಯಲ್ಲೇ ಇದೆ. ಅಲ್ಲಿ ನೇರ ಬಿಸಿಲಿಲ್ಲ, ಬಿಸಿಗಾಳಿಯಿಲ್ಲ, ಗಾಳಿಯಲ್ಲಿ ಸದಾ ತೇವವಿದೆ.

ಗುರುತಿಸುವುದು ಹೇಗೆ?

1. ಜರೀಗಿಡದ ಎಳೆಯ ಎಲೆ ಗಡಿಯಾರದ ಸ್ಪ್ರಿಂಗ್‌ನಂತೆ ಸುರುಳಿಯಾಗಿದ್ದು ನಿಧಾನವಾಗಿ ಬಿಚ್ಚಿಕೊಳ್ಳುತ್ತದೆ.
2. ಇದಕ್ಕೆ ಹೂವಿಲ್ಲ, ಕಾಯಿಲ್ಲ, ಬೀಜವಿಲ್ಲ.
3. ಬಲಿತ ಎಲೆಯ ಕೆಳಭಾಗದಲ್ಲಿ ಕಂದು ಚುಕ್ಕೆ ಅಥವಾ ಗೆರೆಗಳಿರುತ್ತವೆ. ಅವು ರೋಗವಲ್ಲ, ಬೀಜಾಣುಗಳ ಚೀಲಗಳು. ಅಡಿಯಾಂಟಮ್‌ನಲ್ಲಿ ಎಲೆಯ ಅಂಚೇ ಮಡಚಿಕೊಂಡು ಇವನ್ನು ಮುಚ್ಚಿರುತ್ತದೆ.

ಬೀಜಾಣು ಗಾಳಿಯಲ್ಲಿ ಹಾರಿ ಒದ್ದೆ ಕಲ್ಲಿನ ಮೇಲೆ ಬಿದ್ದರೆ, ಉಗುರಿಗಿಂತ ಚಿಕ್ಕದಾದ, ಹೃದಯದ ಆಕಾರದ ಹಸಿರು ಹಾಳೆಯಾಗಿ ಬೆಳೆಯುತ್ತದೆ. ಅದರಲ್ಲಿ ಹುಟ್ಟುವ ಗಂಡು ಕೋಶವು ನೀರಿನ ಪದರದಲ್ಲಿ ಈಜಿಕೊಂಡು ಹೋಗಿ ಹೆಣ್ಣು ಕೋಶವನ್ನು ಸೇರಬೇಕು. ಆಗಲೇ ಹೊಸ ಗಿಡ. ಅಡಿಯಾಂಟಮ್‌ಗೆ ಬಾವಿ ಗೋಡೆ ಏಕೆ ಒಗ್ಗುತ್ತದೆ ಎಂಬುದು ಈಗ ತಿಳಿಯಿತಲ್ಲವೇ?

ಎಲ್ಲ ಜರೀಗಿಡಗಳೂ ಹೀಗೆ ಸದಾ ತೇವ ಬೇಡುವುದಿಲ್ಲ. ಒಣ ಬಂಡೆಗಳ ಬಿರುಕಿನಲ್ಲಿ, ಹಳೆಯ ಗೋಡೆಗಳಲ್ಲಿ ಬೆಳೆಯುವ ಮಯೂರಶಿಖೆಯ ಎಲೆ ಪುಟ್ಟ ಬೀಸಣಿಗೆಯಂತಿದೆ. ಬೇಸಿಗೆಯಲ್ಲಿ ಅದು ಮುದುಡಿ ಒಣಗಿದಂತೆ ಕಾಣುತ್ತದೆ. ಮಳೆ ಬಂದೊಡನೆ ಮತ್ತೆ ಅರಳುತ್ತದೆ. ಅಡಿಯಾಂಟಮ್‌ನ ಎಲೆಗೆ ಈ ಶಕ್ತಿಯಿಲ್ಲ. ಒಮ್ಮೆ ಒಣಗಿದ ಎಲೆ ಒಣಗಿದಂತೆಯೇ.

ಮನೆಯಲ್ಲಿ ಸಾಕುವುದು

ನರ್ಸರಿಯಿಂದ ತಂದ ಅಡಿಯಾಂಟಮ್‌ಗೆ ಬಾವಿಯೊಳಗಿನ ವಾತಾವರಣ ಒದಗಿಸಿದರಾಯಿತು.

• ತೂತಿರುವ ಮಣ್ಣಿನ ಕುಂಡದಲ್ಲಿ ಎಲೆಗೊಬ್ಬರ, ಮಣ್ಣು, ಮರಳನ್ನು ಸಮನಾಗಿ ಬೆರೆಸಿ ನೆಡಿ.
• ಈ ಕುಂಡವನ್ನು ಇನ್ನೊಂದು ದೊಡ್ಡ ಕುಂಡದೊಳಗಿಟ್ಟು, ನಡುವಿನ ಜಾಗಕ್ಕೆ ಮರಳು ತುಂಬಿ ಒದ್ದೆಯಾಗಿಡಿ. ಗಡಿಗೆಯ ನೀರು ತಣ್ಣಗಾಗುವಂತೆಯೇ ಇಲ್ಲಿಯೂ ನೀರು ಆವಿಯಾಗಿ ಬೇರು ತಂಪಾಗಿರುತ್ತದೆ.
• ಬೆಳಕಿರಲಿ, ನೇರ ಬಿಸಿಲು ಬೇಡ. ಫ್ಯಾನಿನ ಗಾಳಿಯೂ ಬೇಡ.
• ಮಣ್ಣು ಒಣಗಬಾರದು, ನೀರು ನಿಲ್ಲಲೂಬಾರದು. ಉಪ್ಪಿನಂಶದ ಕೊಳವೆಬಾವಿ ನೀರಿಗಿಂತ ಮಳೆನೀರು ಒಳ್ಳೆಯದು.
• ಎಲೆಗಳೆಲ್ಲ ಒಣಗಿದರೆ ಗಿಡವನ್ನು ಎಸೆಯಬೇಡಿ. ಒಣ ಎಲೆ ಕತ್ತರಿಸಿ, ಮಣ್ಣನ್ನು ತೇವವಾಗಿಡಿ. ಮಣ್ಣಿನಲ್ಲಿರುವ ಕಾಂಡ ಜೀವಂತವಾಗಿದ್ದರೆ ಹೊಸ ಸುರುಳಿಗಳು ಮೂಡುತ್ತವೆ.

ಮಾಡಿ ನೋಡಿ

ಅಡಿಯಾಂಟಮ್‌ನ ಒಂದು ಎಲೆಯನ್ನು ನೀರಿನಲ್ಲಿ ಮುಳುಗಿಸಿ. ಅದು ಬೆಳ್ಳಿಯಂತೆ ಹೊಳೆಯುತ್ತದೆ. ಹೊರತೆಗೆದರೆ ನೀರು ಉರುಳಿಹೋಗಿ ಎಲೆ ಒಣಗಿಯೇ ಇರುತ್ತದೆ. ಗ್ರೀಕ್ ಭಾಷೆಯಿಂದ ಬಂದ ಅಡಿಯಾಂಟಮ್ ಎಂಬ ಹೆಸರಿನ ಅರ್ಥವೇ ‘ನೆನೆಯದ್ದು’!

ನೆನಪಿಡಿ

ಪಟ್ಟದಕಲ್ಲು 1987ರಿಂದ ವಿಶ್ವ ಪರಂಪರೆಯ ತಾಣ. ಅಲ್ಲಿನ ಕಲ್ಲುಗಳ ಸಂದಿಯಲ್ಲಿ ಗಿಡ ಕಂಡರೆ ನೋಡಿ, ಚಿತ್ರ ಬರೆಯಿರಿ. ಕೀಳಬೇಡಿ, ಕಲ್ಲು ಕೆರೆಯಬೇಡಿ. ದೊಡ್ಡವರಿಲ್ಲದೆ ಬಾವಿಯ ಹತ್ತಿರ ಹೋಗಬೇಡಿ. ತೆರೆದ ಬಾವಿಗಳು ಬತ್ತಿ, ಮುಚ್ಚಿಹೋದಂತೆಲ್ಲ ಈ ಗಿಡದ ಮನೆಯೂ ಕಡಿಮೆಯಾಗುತ್ತದೆ. ನಿಮ್ಮೂರಿನಲ್ಲಿ ನೀರಿರುವ ಹಳೆಯ ಬಾವಿಗಳೆಷ್ಟು? ಹಿರಿಯರನ್ನು ಕೇಳಿ ಪಟ್ಟಿ ಮಾಡಿ, ತರಗತಿಯಲ್ಲಿ ಚರ್ಚಿಸಿ.